ನೀರು ಕುದಿಯುವಾಗ ಕಳಚಿಕೊಳ್ಳುವುದು ಯಾವ ಬಂಧ?

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ. ನೀರಿನ ಅಣುವಿನಲ್ಲಿರುವ ಹೈಡ್ರೋಜನ್-ಆಕ್ಸಿಜನ್ ಬಂಧ ಬಹಳ ಗಟ್ಟಿ ಎಂದು ಓದಿದ್ದೇನೆ. ಹಾಗಿದ್ದೂ ನೀರು ಬರೀ 100 ಡಿಗ್ರಿಗೆ ಆವಿಯಾಗುವುದು ಹೇಗೆ? ನೀರಿಗಿಂತ ಭಾರದ ಹೈಡ್ರೋಜನ್ ಸಲ್ಫೈಡ್ ಅನಿಲವಾಗಿರುವಾಗ ನೀರು ಮಾತ್ರ ದ್ರವವಾಗಿ ಉಳಿಯುವುದೇಕೆ?

ಉತ್ತರ: ಕುದಿಯುವಾಗ ನೀರಿನ ಅಣು ಒಡೆಯುವುದೇ ಇಲ್ಲ. ಒಡೆಯುವಂತಿದ್ದರೆ ಪಾತ್ರೆಯಿಂದ ಹೈಡ್ರೋಜನ್ ಮತ್ತು ಆಕ್ಸಿಜನ್ ಹೊರಬಂದು, ಒಲೆಯ ಉರಿ ತಾಕಿದೊಡನೆ ಸ್ಫೋಟಿಸುತ್ತಿದ್ದವು. ಮುಚ್ಚಳಕ್ಕೆ ತಾಗಿದ ಆವಿ ಮತ್ತೆ ನೀರಹನಿಯೇ ಆಗುತ್ತದಲ್ಲ, ಅಣು ಇಡಿಯಾಗಿ ಉಳಿದಿದೆ ಎನ್ನಲು ಅದೇ ಸಾಕ್ಷಿ.

ಕಳಚುವುದು ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವಿನ ಸೆಳೆತ. ಲೆಕ್ಕ ನೋಡಿ: ಕುದಿಯುತ್ತಿರುವ 18 ಗ್ರಾಂ, ಅಂದರೆ ಒಂದು ಮೋಲ್ ನೀರನ್ನು ಆವಿ ಮಾಡಲು ಸುಮಾರು 41 ಕಿಲೋಜೂಲ್ ಸಾಕು. ಅದೇ ನೀರಿನ ಅಣುಗಳನ್ನೆಲ್ಲ ಬಿಡಿ ಪರಮಾಣುಗಳಾಗಿ ಒಡೆಯಲು 900 ಕಿಲೋಜೂಲ್‌ಗೂ ಹೆಚ್ಚು ಬೇಕು.

ಈ ಸೆಳೆತದ ಮುಖ್ಯ ಪಾಲು ಹೈಡ್ರೋಜನ್ ಬಂಧದ್ದು. ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಬಲವಾಗಿ ಎಳೆದುಕೊಳ್ಳುವುದರಿಂದ ಅದರ ಕಡೆ ಸ್ವಲ್ಪ ಋಣ, ಹೈಡ್ರೋಜನ್ ಕಡೆ ಸ್ವಲ್ಪ ಧನ ಆವೇಶ ಉಳಿಯುತ್ತದೆ. ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್‌ನತ್ತ ಸೆಳೆಯಲ್ಪಡುತ್ತದೆ. ಹೆಸರಿನಲ್ಲಿ ‘ಬಂಧ’ ಇರುವುದರಿಂದ ವಿದ್ಯಾರ್ಥಿಗಳು ಇದನ್ನು ಅಣುವಿನೊಳಗಿನ ಬಂಧ ಎಂದುಕೊಳ್ಳುತ್ತಾರೆ. ನಿಮ್ಮ ಗೊಂದಲದ ಬೇರೂ ಅಲ್ಲೇ ಇರಬಹುದು.

ಇನ್ನು ಎರಡನೆಯ ಪ್ರಶ್ನೆ. ನನಗೆ ತುಂಬ ಇಷ್ಟವಾದದ್ದೂ ಇದೇ. ಗಂಧಕಕ್ಕೆ ಎಲೆಕ್ಟ್ರಾನ್‌ಗಳನ್ನು ಅಷ್ಟು ಬಲವಾಗಿ ಎಳೆಯಲಾಗದು. ಹಾಗಾಗಿ ಹೈಡ್ರೋಜನ್ ಸಲ್ಫೈಡ್‌ನಲ್ಲಿ ಹೈಡ್ರೋಜನ್ ಬಂಧ ಹೆಸರಿಗಷ್ಟೇ. ಅದು ಸುಮಾರು ಮೈನಸ್ 60 ಡಿಗ್ರಿಗೇ ಕುದಿಯುತ್ತದೆ. ಆವರ್ತಕ ಕೋಷ್ಟಕದಲ್ಲಿ ಆಕ್ಸಿಜನ್, ಗಂಧಕಗಳಿರುವ ಅದೇ ಗುಂಪಿನಲ್ಲಿ ಕೆಳಗಿಳಿದರೆ ಸೆಲೆನಿಯಂನ ಹೈಡ್ರೈಡ್ (ಹೈಡ್ರೋಜನ್ ಜೊತೆಗಿನ ಸಂಯುಕ್ತ) ಮೈನಸ್ 41ಕ್ಕೆ, ಟೆಲ್ಲೂರಿಯಂನದು ಮೈನಸ್ 2ಕ್ಕೆ. ಅಣು ದೊಡ್ಡದಾದಂತೆ ಎಲೆಕ್ಟ್ರಾನ್‌ಗಳು ಹೆಚ್ಚಿ, 1930ರಲ್ಲಿ ಭೌತವಿಜ್ಞಾನಿ ಫ್ರಿಟ್ಸ್ ಲಂಡನ್ ವಿವರಿಸಿದ ಕ್ಷಣಿಕ ಸೆಳೆತ (ಎಲೆಕ್ಟ್ರಾನ್‌ಗಳ ಹಂಚಿಕೆ ಕ್ಷಣಕಾಲ ಏರುಪೇರಾಗಿ ಅಣುಗಳ ನಡುವೆ ಹುಟ್ಟುವಂಥದ್ದು) ಬಲವಾಗುತ್ತದೆ. ಆದರೆ ನೀರಿನ ಏಳು ಪಟ್ಟು ತೂಗುವ ಟೆಲ್ಲೂರಿಯಂನ ಹೈಡ್ರೈಡ್ ಕೂಡ ನೀರಿನ ಹತ್ತಿರ ಸುಳಿಯುವುದಿಲ್ಲ. ಹೈಡ್ರೋಜನ್ ಬಂಧ ಇಲ್ಲದಿದ್ದರೆ ನೀರೂ ಈ ಸಾಲಿನಲ್ಲಿ ಮೈನಸ್ 60ಕ್ಕಿಂತ ಕೆಳಗೇ ಕುದಿಯುತ್ತಿತ್ತು.

ಪರೀಕ್ಷೆಯಲ್ಲಿ ಕುದಿಬಿಂದುಗಳನ್ನು ಹೋಲಿಸಲು ಕೇಳಿದರೆ, ಹೈಡ್ರೋಜನ್ ಯಾವುದಕ್ಕೆ ಅಂಟಿದೆ ಎಂದು ಮೊದಲು ನೋಡಿ. ಫ್ಲೋರಿನ್, ಆಕ್ಸಿಜನ್ ಅಥವಾ ನೈಟ್ರೋಜನ್‌ಗೆ ಅಂಟಿದ್ದರೆ ಹೈಡ್ರೋಜನ್ ಬಂಧವನ್ನು ಲೆಕ್ಕಕ್ಕೆ ತನ್ನಿ. ಎಥನಾಲ್ ಮತ್ತು ಡೈಮೀಥೈಲ್ ಈಥರ್‌ಗಳ ಅಣುಸೂತ್ರ ಒಂದೇ, ತೂಕವೂ ಒಂದೇ. ಎಥನಾಲ್‌ನಲ್ಲಿ ಒಂದು ಹೈಡ್ರೋಜನ್ ಆಕ್ಸಿಜನ್‌ಗೆ ಅಂಟಿದೆ, ಈಥರ್‌ನಲ್ಲಿ ಎಲ್ಲವೂ ಕಾರ್ಬನ್‌ಗೆ. ಮೊದಲನೆಯದು 78 ಡಿಗ್ರಿಗೆ ಕುದಿದರೆ, ಎರಡನೆಯದು ಮೈನಸ್ 24ಕ್ಕೆ.