ಅಘನಾಶಿನಿ ಅಳಿವೆಯಲ್ಲಿ ಕಂಡ ಹಕ್ಕಿಗಳು ಒಂದೇ ವಾರದಲ್ಲಿ ಎಲ್ಲಿ ಹೋದವು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಜನವರಿಯ ಒಂದು ಭಾನುವಾರ ಬೆಳಿಗ್ಗೆ 8ಕ್ಕೆ ನೀವು ಅಘನಾಶಿನಿ ನದಿ ಸಮುದ್ರ ಸೇರುವ ತದಡಿಯ ಹತ್ತಿರ ನಿಂತಾಗ ಕೆಸರಿನ ತುಂಬ ಹಕ್ಕಿ. ಮರುವಾರ ಮನೆಯವರನ್ನೆಲ್ಲ ಗದಗದಿಂದ ಹೊರಡಿಸಿಕೊಂಡು ಅದೇ ಜಾಗಕ್ಕೆ ಅದೇ ಹೊತ್ತಿಗೆ ಬಂದರೆ ಬರೀ ನೀರು. ವಲಸೆ ಮುಗಿಸಿ ವಾಪಸು ಹೊರಟವೇ, ಬಾತುಗಳೂ ಆ ಕೆಸರನ್ನೇ ತಿನ್ನುತ್ತವೆಯೇ ಎಂದು ಕೇಳಿದ್ದೀರಿ.

ಹೊರಟಿಲ್ಲ. ಮೊದಲ ಸಲ ನೀವು ಬಂದದ್ದು ಚೌತಿಯ ಆಸುಪಾಸು ಇರಬೇಕು, ಎರಡನೇ ಸಲ ಏಕಾದಶಿಯ ಆಸುಪಾಸು. ಏಕಾದಶಿಯ ಬೆಳಿಗ್ಗೆ ಇಲ್ಲಿನ ಹಕ್ಕಿಗಳಿಗೂ ಉಪವಾಸ.

ತಮಾಷೆಗೆ ಹೇಳಿದರೂ ಲೆಕ್ಕ ಸರಿ ಇದೆ. ಉಬ್ಬರ ಇಳಿತ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತವೆ. ಏಳು ದಿನಕ್ಕೆ ಹತ್ತಿರ ಹತ್ತಿರ 6 ಗಂಟೆ ಆಯಿತು. ಪೂರ್ತಿ ಇಳಿದ ನೀರು ಮತ್ತೆ ಪೂರ್ತಿ ಏರಲು ಬೇಕಾಗುವುದೂ 6 ಗಂಟೆ ಚಿಲ್ಲರೆ. ಅಂದರೆ ಈ ವಾರ 8ಕ್ಕೆ ಇಳಿತವಿದ್ದರೆ ಮುಂದಿನ ವಾರ 8ಕ್ಕೆ ಉಬ್ಬರ. ಬಳಚು ಎಂಬ ಚಿಪ್ಪುಜೀವಿಯನ್ನು ಕೆಸರಲ್ಲಿ ಹೆಕ್ಕಲು ಹೋಗುತ್ತಿದ್ದ ನನ್ನ ಅಜ್ಜಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಆದರೆ ಇವತ್ತು ಯಾವ ತಿಥಿ ಎಂದು ಹೇಳಿದರೆ ಸಾಕು, ಕೆಸರು ಯಾವಾಗ ಮೇಲೆ ಬರುತ್ತದೆಂದು ಒಲೆ ಮುಂದೆ ಕೂತೇ ಹೇಳುತ್ತಿದ್ದಳು. ಹುಣ್ಣಿಮೆ, ಅಮಾವಾಸ್ಯೆಗೆ ನಮ್ಮ ಕಡೆ ನೀರು ಬೆಳಗಿನ ಜಾವ ಒಮ್ಮೆ, ಸಂಜೆಯಾಗುವಾಗ ಒಮ್ಮೆ ಇಳಿಯುತ್ತದೆ. ಅಲ್ಲಿಂದ ದಿನಕ್ಕಿಷ್ಟು ಎಂದು ತಳ್ಳಿಕೊಂಡು ಹೋದರಾಯಿತು.

ನೀವು ನಿಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ಅಭ್ಯಾಸದಲ್ಲಿ ಬಂದಿದ್ದೀರಿ, ಎಡವಿದ್ದು ಅಲ್ಲೇ. ಅಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹೊಲದಲ್ಲಿ ಮೇದು ಬಂದು ಹಗಲೆಲ್ಲ ಕೆರೆಯಲ್ಲಿ ತಂಗುತ್ತವೆ, ಸೂರ್ಯನನ್ನು ನಂಬಿ ಹೋದರೆ ಸಾಕು. 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರದ ಜೊತೆಗೇ ನಮ್ಮ ಅಘನಾಶಿನಿ ಅಳಿವೆಯೂ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್‌ಸಾರ್ ಪಟ್ಟಿಗೆ ಸೇರಿತು. ಪಟ್ಟಿ ಒಂದೇ ಆದರೂ ಜಾಗದ ಸ್ವಭಾವ ಬೇರೆ. ಇಲ್ಲಿ ಊಟದೆಲೆ ದಿನಕ್ಕೆರಡು ಸಲ ಮುಚ್ಚಿ ಎರಡು ಸಲ ತೆರೆಯುತ್ತದೆ. ನೀವು ಬರಿಗೈಲಿ ಹೋದ ದಿನ ಮಧ್ಯಾಹ್ನ 2ರ ಸುಮಾರಿಗೆ ಅದೇ ಕೆಸರು ಮತ್ತೆ ತೆರೆದಿರುತ್ತದೆ, ರಾತ್ರಿ ಎರಡೂವರೆಗೆ ಇನ್ನೊಮ್ಮೆ. ಕತ್ತಲಲ್ಲೂ ಇಲ್ಲಿನ ಹಕ್ಕಿಗಳು ಮೇಯುತ್ತವೆ.

ಕತ್ತಲಲ್ಲಿ ಹೇಗೆ? ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗ ಇದು. ಗೊರವ (ಸ್ಯಾಂಡ್‌ಪೈಪರ್) ಜಾತಿಯ ಹಕ್ಕಿಗಳ ಕೊಕ್ಕಿನ ತುದಿ ನಮ್ಮ ಬೆರಳ ತುದಿಯಂತೆ. ಮೂಳೆಯ ಸಣ್ಣ ಸಣ್ಣ ಗುಳಿಗಳಲ್ಲಿ ಸ್ಪರ್ಶ ಹಿಡಿಯುವ ನರಗಳ ತುದಿ ತುಂಬಿವೆ. ನಾಟ್ ಎಂಬ ಗುಂಡು ಹಕ್ಕಿ ಒದ್ದೆ ಮರಳಿಗೆ ಕೊಕ್ಕು ಚುಚ್ಚಿದಾಗ ಒಳಗಿನ ನೀರು ಒತ್ತರಿಸಿಕೊಳ್ಳುತ್ತದೆ. ಹತ್ತಿರದಲ್ಲಿ ಚಿಪ್ಪು ಇದ್ದರೆ ಆ ಒತ್ತಡದಲ್ಲಾಗುವ ವ್ಯತ್ಯಾಸ ಕೊಕ್ಕಿಗೆ ಗೊತ್ತಾಗುತ್ತದೆ, ಮುಟ್ಟಬೇಕೆಂದೇನೂ ಇಲ್ಲ. ಸಿಕ್ಕಿದ ಚಿಪ್ಪನ್ನು ಇಡಿಯಾಗಿ ನುಂಗಿ ಹೊಟ್ಟೆಯೊಳಗೇ ಪುಡಿಮಾಡುತ್ತದೆ. ಗಾಡ್ವಿಟ್ ಎಂಬ ಉದ್ದ ಕೊಕ್ಕಿನ ಹಕ್ಕಿ ಇನ್ನೂ ಜಾಣ. ಅರ್ಧ ಅಡಿಗಿಂತ ತುಸು ಕಡಿಮೆ ಆಳದ ಕೆಸರಲ್ಲಿ, ಕೊಕ್ಕಿನ ಬುಡ ಮುಚ್ಚಿಯೇ ಇದ್ದು, ತುದಿಯನ್ನಷ್ಟೇ ಚಿಮಟದಂತೆ ತೆರೆದು ಹುಳು ಹಿಡಿಯುತ್ತದೆ. ಸುಮಾರು 15 ಸೆಂಟಿಮೀಟರ್ ಉದ್ದದ ಬಾಗಿದ ಕೊಕ್ಕಿನ ಕರ್ಲ್ಯೂ ಏಡಿಯ ಬಿಲದೊಳಗೆ ಕೊಕ್ಕನ್ನು ತಿರುಗಿಸಿ ಇಳಿಸುವುದನ್ನು ನೋಡಬೇಕು, ತೆಂಗಿನಕಾಯಿ ಚಿಪ್ಪಿನಿಂದ ಕೊಬ್ಬರಿ ಬಿಡಿಸುವವರ ತಾಳ್ಮೆ ಅದಕ್ಕೆ. ಅವುಗಳಲ್ಲಿ ಹೆಣ್ಣಿನ ಕೊಕ್ಕು ಗಂಡಿನದಕ್ಕಿಂತ ಉದ್ದ.

ಪ್ಲೋವರ್ ಎಂಬ ಹಕ್ಕಿಗಳ ದಾರಿ ಬೇರೆ. ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಂತು, ಮೇಲ್ಪದರದಲ್ಲಿ ಏನಾದರೂ ಅಲುಗಿದರೆ ಕುಕ್ಕುತ್ತವೆ. ಲಡಾಖ್, ಟಿಬೆಟ್ ಕಡೆಯ ಎತ್ತರದ ಬಯಲಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಕರಾವಳಿಗೆ ಇಳಿಯುವ ಸಣ್ಣ ಮರಳು ಪ್ಲೋವರ್ ನೀವು ಕಳಿಸಿದ ಫೋಟೋದ ಎಡಗಡೆ ಇದೆ, ಗುಬ್ಬಿ ಅಂದುಕೊಂಡು ಬಿಡಬೇಡಿ. ಒಂದೇ ಕೆಸರಲ್ಲಿ ಇಷ್ಟು ಜಾತಿ ಜಗಳವಿಲ್ಲದೆ ಮೇಯುವುದು ಹೀಗೆ, ಒಬ್ಬೊಬ್ಬರದು ಒಂದೊಂದು ಆಳ. ಅಜ್ಜಿಯ ಆಳವೂ ಒಂದಿತ್ತೆನ್ನಿ, ಕಾಲ್ಬೆರಳಿಗೆ ಬಳಚು ತಾಗುವಷ್ಟು. ನಾನು ಒಮ್ಮೆ ದೊಡ್ಡ ಮನುಷ್ಯನಂತೆ ಗಂಬೂಟು ಹಾಕಿಕೊಂಡು ಇಳಿದು ಒಂದು ಬೂಟನ್ನು ಅಳಿವೆಗೇ ಕೊಟ್ಟು ಬಂದೆ. ಬರಿಗಾಲಲ್ಲಿ ಹೋಗುವವರು ಹುಚ್ಚರೇನು ಎಂದು ಅಜ್ಜಿ ನಕ್ಕಳು.

ಇನ್ನು ಬಾತು. ನಮ್ಮ ತೆರೆದ ಕೆಸರಲ್ಲಿ ಅವು ಕಡಿಮೆ. ಅವಕ್ಕೆ ಬೇಕಾದದ್ದು ಮೊಣಕಾಲೂ ಮುಳುಗದಷ್ಟು ನೀರು, ಅದು ಸಿಗುವುದು ಗಜನಿ ಗದ್ದೆಗಳಲ್ಲಿ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಕಟ್ಟೆಯ ಹಲಗೆ ತೆಗೆದು ಉಪ್ಪುನೀರು ಬಿಡುತ್ತಾರಲ್ಲ, ಅಲ್ಲಿ. ಸೂಜಿಬಾಲದ ಬಾತು ತಲೆ ಕೆಳಗೆ ಬಾಲ ಮೇಲೆ ಮಾಡಿ ಉದ್ದ ಕತ್ತಿನಿಂದ ತಳ ತಡಕಿ ಕಾಳು, ಬೀಜ, ಸಣ್ಣ ಬಸವನಹುಳು ತಿನ್ನುತ್ತದೆ. ಸಲಿಕೆಯಂಥ ಕೊಕ್ಕಿನ ಶವಲರ್ ಬಾತು ನೀರನ್ನೇ ಜರಡಿ ಹಿಡಿಯುತ್ತದೆ. ಕೊಕ್ಕಿನ ಅಂಚಿಗೆ ಬಾಚಣಿಗೆಯ ಹಲ್ಲಿನಂಥ ಸಾಲಿದೆ. ಕೆಸರನ್ನು ತಿನ್ನುವುದಲ್ಲ, ಸೋಸುವುದು. ಹಗಲಲ್ಲಿ ನೋಡಿದರೆ ಬಹುಪಾಲು ತೂಕಡಿಸುತ್ತಿರುತ್ತವೆ, ಅವುಗಳ ಊಟ ಹೆಚ್ಚಾಗಿ ರಾತ್ರಿ.

ನೀರು ತುಂಬಿದಾಗ ಗೊರವ, ಪ್ಲೋವರ್‌ಗಳು ಹೋಗುವುದೂ ದೂರವಲ್ಲ. ಮರಳ ದಿಬ್ಬ, ಗಜನಿ ಕಟ್ಟೆ, ಸಾಣಿಕಟ್ಟಾದ ಉಪ್ಪಿನ ಆಗರ. ಆಗರದ ಬದುಗಳ ಮೇಲೆ ಗಾಳಿಗೆ ಮುಖ ಮಾಡಿ, ಒಂಟಿ ಕಾಲಲ್ಲಿ ಸಾಲಾಗಿ ನಿಂತಿರುತ್ತವೆ. ಮೆಟ್ಟುಗಾಲು ಹಕ್ಕಿಗಳಂತೂ ಅಲ್ಲೇ ಮೇಯುತ್ತಲೂ ಇರುತ್ತವೆ. ದಯವಿಟ್ಟು ಹತ್ತಿರ ಹೋಗಿ ಎಬ್ಬಿಸಬೇಡಿ. ನೀರಿಳಿಯುವವರೆಗೆ ಸಾಲಾಗಿ ನಿಂತವಕ್ಕೆ ಹೊಸ ಊಟ ಸಿಗುವುದಿಲ್ಲ, ಒಂದೊಂದು ಹಾರಾಟಕ್ಕೂ ತಿಂದದ್ದೇ ಖರ್ಚು.

ಬರುವ ಭಾನುವಾರ 8ಕ್ಕೆ ಬಂದರೆ ಮತ್ತೆ ಇಳಿತ ಸಿಗುತ್ತದೆ, ಎರಡು ವಾರಕ್ಕೆ ಸುತ್ತು ಪೂರ್ತಿಯಾಗುತ್ತದೆ. ಆದರೆ 8ಕ್ಕೆ ಹಕ್ಕಿಗಳು ದೂರದ ನೀರಂಚಿನವರೆಗೆ ಚದುರಿರುತ್ತವೆ. ಚಹಾ ಕುಡಿದು ಒಂಬತ್ತೂವರೆಗೆ ಬಂದು ದಡದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡಿ. ಏರುವ ನೀರು ಅವನ್ನು ನಿಮ್ಮ ಕಡೆಗೇ ತಳ್ಳಿಕೊಂಡು ಬರುತ್ತದೆ.