ಪಿಯುಸಿ ಬಿಟ್ಟರೆ ಓದು ನಿಂತುಬಿಡುತ್ತಾ?

ಲಗ್ಗೆರೆಯ ಓದುಗರೊಬ್ಬರ ಪತ್ರ: “ಮಗ ಈ ಸಲ ಎಸ್ಸೆಸ್ಸೆಲ್ಸಿ ಪಾಸಾದ. ಗಣಿತದಲ್ಲಿ 41. ಪುಸ್ತಕ ಹಿಡಿದರೆ ತೂಕಡಿಸುತ್ತಾನೆ, ಕೆಟ್ಟ ಮಿಕ್ಸಿ ಸಿಕ್ಕರೆ ಊಟ ಮರೆಯುತ್ತಾನೆ. ಐಟಿಐಗೋ ಡಿಪ್ಲೊಮಾಗೋ ಸೇರ್ತೀನಿ ಅಂತಾನೆ. ನಮ್ಮ ಯಜಮಾನರು ಸಾಲ ಮಾಡಿಯಾದರೂ ಪಿಯುಸಿ ಕಾಮರ್ಸ್‌ಗೇ ಸೇರಿಸಬೇಕು ಅಂತಾರೆ. ಪಿಯುಸಿ ಬಿಟ್ಟರೆ ಅವನ ಓದು ಅಲ್ಲಿಗೇ ನಿಂತುಬಿಡುತ್ತಾ?”

ಸಂಪಾದಕರ ಉತ್ತರ:

ನಿಲ್ಲುವುದಿಲ್ಲ. ಇದನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ.

ಎಸ್ಸೆಸ್ಸೆಲ್ಸಿ ಆದವರು ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಬಹುದು. ಆಮೇಲೆ ಡಿಪ್ಲೊಮಾದವರಿಗಾಗಿ ನಡೆಯುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಸೀಟು ಸಿಕ್ಕರೆ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಹೋಗಬಹುದು. ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು ವರ್ಷ. ಡಿಪ್ಲೊಮಾ ಮೂರು, ಬಿಇ ಮೂರು, ಅದೂ ಆರೇ. ಬಿಇ ಬೇಡ ಅನ್ನಿಸಿದರೆ ಮೂರನೇ ವರ್ಷಕ್ಕೇ ಕೆಲಸ ಹುಡುಕಬಹುದು. ಐಟಿಐಯಲ್ಲಿ ಎರಡು ವರ್ಷದ ಟ್ರೇಡ್ (ಅಂದರೆ ಒಂದು ಕಸುಬು) ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ಅವಕಾಶವೂ ಇದೆ. ಅಂದರೆ ಫಿಟ್ಟರ್ (ಲೋಹದ ಭಾಗಗಳನ್ನು ಅಳತೆಗೆ ತಕ್ಕಂತೆ ಮಾಡಿ ಜೋಡಿಸುವ) ಕೆಲಸ ಕಲಿತ ಹುಡುಗ ಮೆಟ್ಟಿಲು ಹತ್ತುತ್ತಾ ಇಂಜಿನಿಯರ್ ಆಗಬಹುದು.

ನಿಮ್ಮ ಯಜಮಾನರ ಭಯ ನನಗೆ ಅರ್ಥವಾಗುತ್ತದೆ. “ಐಟಿಐನಾ?” ಅಂತ ನೆಂಟರು ಕೇಳುವ ದನಿ ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಆದರೆ ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್‌ಗಳಲ್ಲಿ ದುಡಿದು ಮನೆ ಕಟ್ಟಿ, ಮಕ್ಕಳನ್ನು ಓದಿಸಿದ ಎಷ್ಟು ಜನ ಐಟಿಐ, ಡಿಪ್ಲೊಮಾ ಓದಿದವರು! ಬೆಂಗಳೂರನ್ನು ಬೆಳೆಸಿದ ಕೈಗಳಲ್ಲಿ ಅವರ ಕೈ ದೊಡ್ಡದು. ನಿಮ್ಮ ಮನೆಗೆ ಹತ್ತಿರದ ಪೀಣ್ಯದಲ್ಲಿ ಇವತ್ತಿಗೂ ಅಂಥ ಕೈಗಳಿಗೇ ಕೆಲಸ.

ನನ್ನ ಸಲಹೆ ಒಂದೇ. ಫೀಸು ಕಟ್ಟುವ ಮೊದಲು ಮಗನನ್ನು ಕರೆದುಕೊಂಡು ಹೋಗಿ ವರ್ಕ್‌ಶಾಪ್ ನೋಡಿ. ಕೆಲಸ ನಡೆಯುವ ಹೊತ್ತಿಗೇ ಹೋಗಿ. ಬ್ರೋಷರ್ ನೋಡಿ ಏನೂ ತಿಳಿಯುವುದಿಲ್ಲ. ಫಿಟ್ಟರ್ ಟ್ರೇಡ್‌ನಲ್ಲಿ ಮೊದಲು ಕೈಗೆ ಕೊಡುವುದು ಅರ, ವೈಸ್ ಎಂಬ ಹಿಡಿಕಟ್ಟಿಗೆ ಬಿಗಿಯುವುದು ಒಂದು ಕಬ್ಬಿಣದ ತುಂಡು. ಅದನ್ನು ದಿನಗಟ್ಟಲೆ ಉಜ್ಜಬೇಕು. ಉಜ್ಜಿದ ಮೇಲೆ ಮೂಲೆ ನೇರ ಇದೆಯಾ ಅಂತ ನೋಡುವ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯುತ್ತಾರೆ. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ನುಸುಳಿದರೂ ಮತ್ತೆ ಉಜ್ಜು! ಭುಜ ನೋಯುತ್ತದೆ, ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಅದನ್ನು ನೋಡಿಯೂ ನಿಮ್ಮ ಮಗನ ಕಣ್ಣು ಅರಳಿದರೆ ಅವನ ಜಾಗ ಅದೇ. ಮುಖ ಸಪ್ಪಗಾದರೆ ಅದನ್ನೂ ಗಮನಿಸಿ. ಮಿಕ್ಸಿ ಬಿಚ್ಚುವ ಖುಷಿಯೇ ಬೇರೆ, ದಿನವಿಡೀ ನಿಂತು ದುಡಿಯುವುದೇ ಬೇರೆ ಅಲ್ವಾ?

ಗಣಿತದಿಂದ ತಪ್ಪಿಸಿಕೊಳ್ಳಬಹುದು ಅಂತ ಮಾತ್ರ ಅವನು ಅಂದುಕೊಳ್ಳಬಾರದು. ಸೂಕ್ಷ್ಮ ಅಳತೆಯ ಉಪಕರಣ ಮೈಕ್ರೋಮೀಟರ್‌ನಲ್ಲಿ 0.01 ಮಿಲಿಮೀಟರ್ ಓದಬೇಕು. ಐಟಿಐಯಲ್ಲೂ ವರ್ಕ್‌ಶಾಪ್ ಲೆಕ್ಕ ಕಲಿಯಲೇಬೇಕು, ಡಿಪ್ಲೊಮಾದಲ್ಲಿ ಇನ್ನೂ ಜಾಸ್ತಿ. ಕೈಯಲ್ಲಿ ಹಿಡಿದ ವಸ್ತುವಿನ ಲೆಕ್ಕ ಕೆಲವು ಮಕ್ಕಳಿಗೆ ಬೇಗ ಹತ್ತುತ್ತದೆ. ಆದರೂ ಈ ರಜೆಯಲ್ಲಿ ಭಿನ್ನರಾಶಿ, ದಶಮಾಂಶ, ತ್ರಿಕೋನಮಿತಿ ಒಂದು ಸುತ್ತು ತಿರುವಿ ಹಾಕಲಿ.

ಎಲ್ಲಿ ನೋಡುವುದು? ಕೆ.ಆರ್. ವೃತ್ತದಲ್ಲಿ 1943ರಿಂದ ಇರುವ ಎಸ್‌ಜೆ ಪಾಲಿಟೆಕ್ನಿಕ್ ಸರ್ಕಾರದ್ದು. ನಿಮಗೆ ಹತ್ತಿರದ್ದು ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್‌ನ ಜಿಟಿಟಿಸಿ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಸರ್ಕಾರಿ ಟೂಲ್ ರೂಮ್ ಅದು, ಅಂದರೆ ಕಾರ್ಖಾನೆಗಳಿಗೆ ಬೇಕಾದ ಅಚ್ಚು, ಉಪಕರಣ ಮಾಡುವ ಮತ್ತು ಅದನ್ನು ಕಲಿಸುವ ಜಾಗ. ಅಲ್ಲಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ಮತ್ತೊಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ನಿಮ್ಮ ಮಗನಂಥವರನ್ನು ನಾನು ಮೊದಲು ಅಲ್ಲಿಗೇ ಕಳಿಸುತ್ತೇನೆ.

ಐಟಿಐ ಆದ ಮೇಲೆ ಅಪ್ರೆಂಟಿಸ್ ಆಗುವುದನ್ನು, ಅಂದರೆ ಕಾರ್ಖಾನೆಯಲ್ಲಿದ್ದು ಕೆಲಸ ಕಲಿಯುವುದನ್ನು, ಬಿಡಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಲಿಯುತ್ತಲೇ ಸ್ಟೈಪೆಂಡ್ ಬರುತ್ತದೆ. ಎಚ್‌ಎಎಲ್, ಬಿಇಎಲ್ ಕೂಡ ಹುಡುಗರನ್ನು ತೆಗೆದುಕೊಳ್ಳುತ್ತವೆ. ಕೊನೆಯಲ್ಲಿ ಅಲ್ಲೇ ಕೆಲಸ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಆದರೆ ಆ ಅನುಭವಕ್ಕೆ ಬೆಲೆ ಇದೆ.

ಮೋಸ ಹೋಗುವುದು ಎಲ್ಲಿ ಅಂದರೆ ಬೋರ್ಡು ನೋಡಿ ನಂಬುವಲ್ಲಿ. ಪಾಲಿಟೆಕ್ನಿಕ್‌ಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಮಾನ್ಯತೆ ಇದೆಯಾ? ಐಟಿಐ ಆದರೆ ನಿಮ್ಮ ಮಗ ಕೇಳುವ ಟ್ರೇಡ್‌ಗೇ ಕೇಂದ್ರ ಸರ್ಕಾರದ (ಡಿಜಿಟಿ, ಹಿಂದೆ ಎನ್‌ಸಿವಿಟಿ) ಮಾನ್ಯತೆ ಇದೆಯಾ? ಕಾಗದ ತೋರಿಸಿ ಅನ್ನಿ, ಸಂಕೋಚ ಬೇಡ. “ಆರು ತಿಂಗಳಲ್ಲಿ ಡಿಪ್ಲೊಮಾ” ಅನ್ನುವವರ ಹತ್ತಿರ ಹೋಗಲೇಬೇಡಿ. ಮುಂದೆ ಪಿಯುಸಿ ಮಟ್ಟದ ಸರ್ಟಿಫಿಕೇಟ್ ಬೇಕೆನ್ನಿಸಿದರೆ ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ, ಕೆಲಸ ಮಾಡುತ್ತಲೇ ಹನ್ನೆರಡನೆಯದನ್ನು ಬರೆಯಬಹುದು.

ಪಿಯುಸಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅವನಿಗೆ ಡಾಕ್ಟರ್ ಆಗುವ ಆಸೆ ಇದ್ದರೆ ಪಿಯು ಸೈನ್ಸ್ ಬೇಕೇ ಬೇಕು. ಸಿಎ ಆಗಬೇಕೆಂದರೂ ಪಿಯುಸಿ ದಾಟಬೇಕು. ಆದರೆ ಲೆಕ್ಕಪತ್ರ ಇಷ್ಟವಿಲ್ಲದ ಹುಡುಗನನ್ನು ಸಾಲ ಮಾಡಿ ಕಾಮರ್ಸ್‌ಗೆ ಹಾಕಬೇಡಿ. ದಯವಿಟ್ಟು ಬೇಡ. ಎರಡು ವರ್ಷ ಅವನೂ ನರಳುತ್ತಾನೆ, ನೀವೂ ಬಡ್ಡಿ ಕಟ್ಟುತ್ತೀರಿ.

ಈ ವಾರವೇ ಒಂದು ಕೆಲಸ ಮಾಡಿ. ಫಲಿತಾಂಶದ ಬೆನ್ನಿಗೇ ಅರ್ಜಿ ಕರೆಯುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೆ ಓಡುತ್ತಾರೆ. ಜಾತಿ, ಆದಾಯ ಪ್ರಮಾಣಪತ್ರ ಇಲ್ಲದಿದ್ದರೆ ನಾಡಕಚೇರಿಯಲ್ಲಿ ಇವತ್ತೇ ಅರ್ಜಿ ಹಾಕಿ. ಓದಿದ ಶಾಲೆಗಳಿಂದ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ ತೆಗೆಸಿಡಿ. ವರ್ಕ್‌ಶಾಪ್ ನೋಡಲು ಹೋಗುವಾಗ ಯಜಮಾನರನ್ನೂ ಕರೆದುಕೊಂಡು ಹೋಗಿ.