ತೋಟಕ್ಕೆ ಲೋಡರ್, ಬ್ಯಾಕ್‌ಹೋ ಇರುವ ಸಣ್ಣ ಟ್ರ್ಯಾಕ್ಟರ್

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ಗೊಬ್ಬರ ತುಂಬಲು ಮತ್ತು ಬಸಿಗಾಲುವೆ ತೆಗೆಯಲು ಮುಂದೆ ಲೋಡರ್ (ಎತ್ತಿ ತುಂಬುವ ಬಕೆಟ್), ಹಿಂದೆ ಬ್ಯಾಕ್‌ಹೋ (ನೆಲ ಅಗೆಯುವ ತೋಳು) ಇರುವ ಸಣ್ಣ ಟ್ರ್ಯಾಕ್ಟರ್ ಕೊಳ್ಳುವಾಗ ಏನನ್ನು ಗಮನಿಸಬೇಕು?

ಉತ್ತರ: ಅಡಿಕೆ ಸಾಲುಗಳ ನಡುವೆ ಸಾಮಾನ್ಯವಾಗಿ 9 ಅಡಿ ಅಂತರವಿರುವುದರಿಂದ ಅಶ್ವಶಕ್ತಿಗಿಂತ ಮೊದಲು ಟ್ರ್ಯಾಕ್ಟರಿನ ಅಗಲವನ್ನೂ ಅದು ತಿರುಗಲು ಬೇಕಾಗುವ ಜಾಗವನ್ನೂ ಅಳೆದು ನೋಡಿ. ಬಕೆಟ್ ತುಂಬಿದಾಗ ಭಾರ ಮುಂದಿನ ಅಚ್ಚಿನ ಮೇಲೆ ಬಿದ್ದು ಹಿಂದಿನ ಚಕ್ರಗಳು ಹಿಡಿತ ಕಳೆದುಕೊಳ್ಳುತ್ತವೆ; ಆದ್ದರಿಂದ ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಮಾದರಿಯೇ ಬೇಕು, ಬ್ಯಾಕ್‌ಹೋ ಕಳಚಿಟ್ಟ ದಿನ ಹಿಂದೆ ಪ್ರತಿಭಾರ ಕಟ್ಟದೆ ಲೋಡರ್ ಎತ್ತಬಾರದು. ಬ್ಯಾಕ್‌ಹೋ ಕೇವಲ ಉಪಕರಣ ಸಿಕ್ಕಿಸುವ ಹಿಂದಿನ ಮೂರು ಕೊಂಡಿಗಳಿಗೆ ಜೋಡಣೆಯಾಗುವಂತಿದ್ದರೆ, ನೆಲದಡಿಯ ಜಂಬಿಟ್ಟಿಗೆ ಕಲ್ಲಿಗೆ ಬ್ಯಾಕ್‌ಹೋ ಹಲ್ಲು ಸಿಕ್ಕಿಕೊಂಡಾಗಿನ ಎಳೆತವೆಲ್ಲ ಟ್ರ್ಯಾಕ್ಟರಿನ ಹಿಂಭಾಗಕ್ಕೇ ತಗಲುತ್ತದೆ; ಒಡಲಿನುದ್ದಕ್ಕೂ ಹಾಯುವ ಉಪಚೌಕಟ್ಟಿಗೆ ಬಿಗಿಯುವಂಥದ್ದೇ ಬಾಳಿಕೆಯದು. ಕಾಲುವೆ ಕೆಲಸ ವರ್ಷಕ್ಕೆ ನಾಲ್ಕೈದು ದಿನದ್ದಾದರೆ, ಮಾರಾಟಗಾರರು ಏನೇ ಹೇಳಲಿ, ಲೋಡರ್ ಮಾತ್ರ ಕೊಂಡು ಅಗೆತಕ್ಕೆ ಬಾಡಿಗೆ ಯಂತ್ರ ಕರೆಸಿಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ.